ಪದಗಳ ಪೈಪೋಟಿ: ಭಾಷೆಯ ವಿಕಾಸದ ಬಗ್ಗೆ ಓದುಗರ ಪ್ರಶ್ನೆಗಳು

ಜೀವಿಗಳ ವಿಕಾಸಕ್ಕೂ ಭಾಷೆಗಳ ಬದಲಾವಣೆಗೂ ಇರುವ ಹೋಲಿಕೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಕೂಡಿಸಿ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ನಿಸರ್ಗದ ಆಯ್ಕೆಯ ಸಿದ್ಧಾಂತವನ್ನು ಭಾಷೆಗೆ ಹಚ್ಚುವುದು ಬರೀ ಅಲಂಕಾರದ ಮಾತೋ, ಅದರಲ್ಲಿ ಹುರುಳಿದೆಯೋ?

ಉತ್ತರ: ಹುರುಳಿದೆ. ಆದರೆ ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದೇವೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಆಯ್ಕೆ ನಡೆಯಬೇಕಾದರೆ ಯಾವುದೋ ಒಂದು ನಕಲಾಗುತ್ತಿರಬೇಕು, ನಕಲುಗಳಲ್ಲಿ ವ್ಯತ್ಯಾಸ ಇರಬೇಕು, ಕೆಲವು ನಕಲುಗಳಿಗೆ ಮುಂದೆ ಮತ್ತೆ ನಕಲಾಗುವ ಅವಕಾಶ ಉಳಿದವುಗಳಿಗಿಂತ ಹೆಚ್ಚಿರಬೇಕು. ಭಾಷೆಯಲ್ಲಿ ನಕಲಾಗುವುದು ಒಂದು ಪದ, ಒಂದು ಪ್ರತ್ಯಯ, ಒಂದು ಉಚ್ಚಾರ. ಒಬ್ಬರು ಆಡಿದ್ದನ್ನು ಇನ್ನೊಬ್ಬರು ಕೇಳಿ ತಾವೂ ಆಡಿದಾಗ ಒಂದು ನಕಲು ಮುಗಿಯಿತು. 'ಮಾಡುತ್ತಿದ್ದೇನೆ', 'ಮಾಡ್ತಿದೀನಿ', 'ಮಾಡ್ತಾ ಇದೀನಿ' ಇವೆಲ್ಲ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತಿರುವ ರೂಪಗಳು.

ಜರ್ಮನಿಯ ಭಾಷಾಶಾಸ್ತ್ರಜ್ಞ ಆಗಸ್ಟ್ ಶ್ಲೈಷರ್ 1863ರಲ್ಲೇ ಡಾರ್ವಿನ್ ಸಿದ್ಧಾಂತವನ್ನು ಭಾಷೆಗೆ ಅನ್ವಯಿಸಿದ. ಅವನು ಇಡೀ ಭಾಷೆಯನ್ನೇ ಹುಟ್ಟಿ ಬೆಳೆದು ಸಾಯುವ ಜೀವಿ ಎಂದುಕೊಂಡ. ಗೊಂದಲ ಶುರುವಾದದ್ದು ಅಲ್ಲಿಂದ. 'ಬಲಿಷ್ಠ ಭಾಷೆ', 'ದುರ್ಬಲ ಭಾಷೆ' ಎಂಬ ಇಂದಿನ ಹುಸಿ ಮಾತುಗಳೆಲ್ಲ ಆ ಎಣಿಕೆಯ ಸಂತಾನ. ಡಾರ್ವಿನ್ 1871ರಲ್ಲಿ ಹೆಚ್ಚು ಎಚ್ಚರದಿಂದ ಬರೆದ. ಪ್ರತಿಯೊಂದು ಭಾಷೆಯ ಒಳಗೂ ಪದಗಳ ಮತ್ತು ವ್ಯಾಕರಣ ರೂಪಗಳ ನಡುವೆ ಹೋರಾಟ ನಡೆಯುತ್ತಿದೆ ಎಂಬ ಭಾಷಾಶಾಸ್ತ್ರಜ್ಞ ಮ್ಯಾಕ್ಸ್ ಮುಲ್ಲರ್ ಅವರ ಮಾತನ್ನು ಎತ್ತಿಕೊಂಡು, ಅನುಕೂಲಕರ ಪದಗಳು ಹೀಗೆ ಉಳಿದುಕೊಳ್ಳುವುದೇ ನಿಸರ್ಗದ ಆಯ್ಕೆ ಎಂದ. ಈ ನೆಲೆಯಿಂದ ಹೊರಟರೆ ಮುಂದಿನ ಲೆಕ್ಕಗಳೆಲ್ಲ ಸರಿಹೊಂದುತ್ತವೆ.

ಪ್ರಶ್ನೆ: ಹಳಗನ್ನಡದ 'ಪಾಲ್' ಹಾಲಾಯಿತು, 'ಪುಲಿ' ಹುಲಿಯಾಯಿತು. ಪಕಾರ ಹೋಗಿ ಹಕಾರ ಬಂದದ್ದರಿಂದ ಯಾರಿಗೆ ಏನು ಅನುಕೂಲ? ಆಯ್ಕೆ ಮಾಡಿದವರು ಯಾರು?

ಉತ್ತರ: ಯಾರೂ ಕೂತು ಆರಿಸಲಿಲ್ಲ. ಪ ಎನ್ನಲು ಎರಡೂ ತುಟಿ ಪೂರ್ತಿ ಮುಚ್ಚಬೇಕು, ಒಳಗೆ ಗಾಳಿಯ ಒತ್ತಡ ಏರಬೇಕು, ಆಮೇಲೆ ತಟ್ಟನೆ ತೆರೆಯಬೇಕು. ಬಿರುಸಿನ ಮಾತಿನಲ್ಲಿ ತುಟಿಗಳ ನಡುವೆ ಕೂದಲೆಳೆಯಷ್ಟು ಸಂದಿ ಉಳಿದರೂ ಸ್ಫೋಟವಾಗುವುದಿಲ್ಲ, ಗಾಳಿ ಉಜ್ಜಿಕೊಂಡು ಹೊರಟುಬಿಡುತ್ತದೆ. ಕೇಳಿಸುವುದು ಊದಿದಂಥ ಸದ್ದು. ಕೇಳಿ ಕಲಿಯುವವರು ಆ ಸದ್ದಿನಲ್ಲಿ ತುಟಿಯ ಪಾಲನ್ನು ಬಿಟ್ಟು ಉಸಿರಿನ ಪಾಲನ್ನಷ್ಟೇ ಹಿಡಿದರೆ ಅವರ ಬಾಯಲ್ಲಿ ಬರುವುದು ಹ. ತುಟಿಯ ಸೋಮಾರಿತನ ಅರ್ಧ ಕೆಲಸ ಮಾಡಿತು, ಕಿವಿಯ ತಪ್ಪೆಣಿಕೆ ಉಳಿದರ್ಧ ಮುಗಿಸಿತು.

ಇದಕ್ಕೆ ಸಾಕ್ಷಿ ಪ ಉಳಿದುಕೊಂಡ ಕಡೆಗಳಲ್ಲಿದೆ. ತಪ್ಪು, ಒಪ್ಪು, ಉಪ್ಪು: ಒತ್ತಿನ 'ಪ್ಪ'ದಲ್ಲಿ ತುಟಿ ಮುಚ್ಚಿರುವ ಹೊತ್ತು ಹೆಚ್ಚು, ಸಡಿಲಾಗಲು ಎಡೆಯಿಲ್ಲ. ಕಂಪು, ಇಂಪು, ತಂಪು: ಇಲ್ಲಿ ಸೊನ್ನೆಯ ಉಚ್ಚಾರ ಮ್ ಆದ್ದರಿಂದ ತುಟಿ ಆಗಲೇ ಮುಚ್ಚಿರುತ್ತದೆ. ಬದಲಾವಣೆ ಮನಸ್ಸಿಗೆ ಬಂದಂತೆ ನಡೆದಿದ್ದರೆ 'ತಹ್ಹು' ಎಂಬುದೂ ಎಲ್ಲೋ ಇಣುಕುತ್ತಿತ್ತು.

10ನೇ ಶತಮಾನದಿಂದೀಚೆಗೆ ಶಾಸನಗಳಲ್ಲಿ ಹಕಾರದ ರೂಪಗಳು ತಲೆಹಾಕುತ್ತವೆ. ಕೆಲವು ಶತಮಾನ ಎರಡೂ ರೂಪಗಳು ಜೊತೆಯಲ್ಲೇ ಸಾಗುತ್ತವೆ, ಆಮೇಲೆ ಪಕಾರ ಹಿಂದೆ ಬೀಳುತ್ತದೆ. ಆ ಹೊತ್ತಿಗೆ ಕನ್ನಡದ ಒಳಗಿದ್ದ ಎರವಲು ಪದಗಳೂ ಈ ಬಾಗಿಲಲ್ಲೇ ಹಾದವು: ಪಕ್ಷಿ 'ಪಕ್ಕಿ'ಯಾಗಿ ಹಕ್ಕಿಯಾಯಿತು, ಪರ್ವ 'ಪಬ್ಬ'ವಾಗಿ ಹಬ್ಬವಾಯಿತು. ತಡವಾಗಿ ಬಂದ ಪೆನ್ಸಿಲ್, ಪೊಲೀಸ್ ಹಾಗೆಯೇ ಉಳಿದಿವೆ, ಏಕೆಂದರೆ ಅಷ್ಟರಲ್ಲಿ ಆ ಬದಲಾವಣೆ ನಿಂತುಹೋಗಿತ್ತು. ಪ ಕಳೆದುಕೊಂಡ ದೇಸಿ ರೂಪ ಮತ್ತು ಪ ಉಳಿಸಿಕೊಂಡ ಸಂಸ್ಕೃತ ರೂಪ ಎರಡೂ ಪಕ್ಕಪಕ್ಕದಲ್ಲಿ ಬದುಕಿರುವುದು ಕನ್ನಡದ ಒಂದು ಸೊಗಸು.

ಇನ್ನೂ ಸ್ವಾರಸ್ಯದ ಸಂಗತಿ ಎಂದರೆ ಜಪಾನಿ ಮತ್ತು ಅರ್ಮೇನಿಯನ್ ಭಾಷೆಗಳಲ್ಲೂ ಹಳೆಯ ಪ ಹಕಾರವಾಗಿದೆ. ಲ್ಯಾಟಿನ್ನಿನ ಪದಾದಿಯ ಫ ಸ್ಪ್ಯಾನಿಷ್‌ನಲ್ಲಿ ಹ ಆಗಿ ಕೊನೆಗೆ ಉಚ್ಚಾರದಿಂದಲೇ ಮಾಯವಾಯಿತು. ಕನ್ನಡದ ಕೆಲವು ಆಡುನುಡಿಗಳಲ್ಲಿ 'ಆಲು', 'ಉಲಿ' ಎನ್ನುವವರು ಆ ದಾರಿಯ ಮುಂದಿನ ಮೈಲಿಗಲ್ಲಿನಲ್ಲಿದ್ದಾರೆ. ಹಕ್ಕಿಗೂ ಬಾವಲಿಗೂ ಬೇರೆಬೇರೆಯಾಗಿ ರೆಕ್ಕೆ ಬಂದ ಹಾಗೆ, ಸಂಬಂಧವೇ ಇಲ್ಲದ ಭಾಷೆಗಳು ಒಂದೇ ಕಡೆಗೆ ವಾಲಿವೆ. ಹಾಗಿದ್ದರೆ ತಮಿಳು, ತೆಲುಗು, ತುಳುಗಳಲ್ಲಿ 'ಪಾಲ್', 'ಪಾಲು', 'ಪಿಲಿ' ಏಕೆ ಉಳಿದವು? ತುಟಿ ಸಡಿಲಾಗುವುದು ಎಲ್ಲ ಬಾಯಿಗಳಲ್ಲೂ ದಿನವೂ ನಡೆಯುತ್ತದೆ. ಅದು ಯಾವ ಊರಿನಲ್ಲಿ, ಯಾವ ಕಾಲದಲ್ಲಿ ಊರ್ಜಿತವಾಗುತ್ತದೆ ಎಂಬುದು ಆ ರೂಪವನ್ನು ಮೊದಲು ಆಡಿದವರು ಯಾರು, ಅವರ ಹಾಗೆ ಮಾತಾಡಲು ಯಾರಿಗೆ ಆಸೆಯಿತ್ತು ಎಂಬುದರ ಮೇಲೆ ನಿಂತಿದೆ.

ಸಮಾಜದ ಈ ಒತ್ತನ್ನು ಅಳೆದು ತೋರಿಸಿದ್ದು ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್. ಅಮೆರಿಕದ ಮಾರ್ಥಾಸ್ ವಿನ್ಯರ್ಡ್ ದ್ವೀಪದ ಬಗ್ಗೆ 1963ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ಅದು. ಬೇಸಿಗೆಯ ಪ್ರವಾಸಿಗರಿಂದ ಬೇಸತ್ತು ದ್ವೀಪದಲ್ಲೇ ನೆಲೆಸಲು ನಿರ್ಧರಿಸಿದ್ದ ಸ್ಥಳೀಯರ ಬಾಯಲ್ಲಿ 'ಐ', 'ಔ' ಸ್ವರಗಳ ಹಳೆಯ ಉಚ್ಚಾರ ಮತ್ತೆ ಬಲಗೊಂಡಿತ್ತು, ಅದರಲ್ಲೂ 31ರಿಂದ 45 ವಯಸ್ಸಿನವರಲ್ಲಿ ಅತಿ ಹೆಚ್ಚು. ನಾಲಿಗೆಗೆ ಅದರಿಂದ ಯಾವ ಸುಖವೂ ಇಲ್ಲ. 'ನಾವು ಇಲ್ಲಿಯವರು' ಎಂದು ತೋರಿಸುವುದೇ ಅದರ ಲಾಭ.

ಪ್ರಶ್ನೆ: 'ಓಡು, ಓಡಿದ', 'ಹಾಡು, ಹಾಡಿದ' ಎಂಬ ಸಲೀಸು ದಾರಿ ಇರುವಾಗ 'ಬರು, ಬಂದ', 'ಕೊಡು, ಕೊಟ್ಟ', 'ಏಳು, ಎದ್ದ' ಎಂಬ ಅಂಕುಡೊಂಕುಗಳನ್ನು ಆಯ್ಕೆ ಏಕೆ ಅಳಿಸಿಲ್ಲ?

ಉತ್ತರ: ನೀವು ಕೊಟ್ಟ ಪಟ್ಟಿಯನ್ನೇ ಇನ್ನಷ್ಟು ಬೆಳೆಸಿ: ಹೋಗು-ಹೋದ, ನಿಲ್ಲು-ನಿಂತ, ತಿನ್ನು-ತಿಂದ, ಬೀಳು-ಬಿದ್ದ, ಸಾಯು-ಸತ್ತ, ಕಾಣು-ಕಂಡ. ಒಂದೂ ಅಪರೂಪದ ಪದವಲ್ಲ. ದಿನಕ್ಕೆ ಹತ್ತಾರು ಸಲ ಕಿವಿಗೆ ಬೀಳುವ ರೂಪವನ್ನು ಮಗು ಇಡಿಯಾಗಿ ನೆನಪಿಟ್ಟುಕೊಳ್ಳುತ್ತದೆ, ನಿಯಮ ಹುಡುಕುವ ಗೋಜಿಗೇ ಹೋಗುವುದಿಲ್ಲ. ತಿಂಗಳಿಗೊಮ್ಮೆ ಕೇಳುವ ಪದದ ಭೂತಕಾಲ ಬೇಕಾದಾಗ ನೆನಪು ಕೈಕೊಡುತ್ತದೆ, ಆಗ ನಿಯಮದ ಪ್ರತ್ಯಯ ಅಂಟುತ್ತದೆ.

ಇಂಗ್ಲಿಷಿನಲ್ಲಿ ಇದನ್ನು ಎಣಿಸಿದ್ದಾರೆ. 2007ರಲ್ಲಿ ಎರೆಜ್ ಲೀಬರ್‌ಮನ್ ಮತ್ತು ಸಂಗಡಿಗರು ಹಳೆಯ ಇಂಗ್ಲಿಷಿನ 177 ಅನಿಯಮಿತ ಕ್ರಿಯಾಪದಗಳನ್ನು ಹಿಡಿದು ಹೊರಟರು. ನಡುಗಾಲದ ಇಂಗ್ಲಿಷಿಗೆ ಬರುವಾಗ ಅವುಗಳಲ್ಲಿ 145, ಇಂದಿಗೆ 98 ಅನಿಯಮಿತವಾಗಿ ಉಳಿದಿವೆ. ಬಳಕೆ ನೂರು ಪಟ್ಟು ಕಡಿಮೆಯಿರುವ ಪದ ಹತ್ತು ಪಟ್ಟು ಬೇಗ ನಿಯಮಕ್ಕೆ ಬೀಳುತ್ತದೆ ಎಂಬುದು ಅವರಿಗೆ ಸಿಕ್ಕ ಸೂತ್ರ. ಅನಿಯಮಿತ ಪದಕ್ಕೆ ಇನ್ನೊಂದು ಬಗೆಯ ಸಾವೂ ಇದೆ, ನಿಯಮಕ್ಕೆ ಬೀಳದೆ ಪದವೇ ಬಳಕೆ ತಪ್ಪುವುದು. 'ಮೀಯು, ಮಿಂದ' ಬಹಳ ಕಡೆ 'ಸ್ನಾನ ಮಾಡಿದ'ಕ್ಕೆ ಜಾಗ ಬಿಟ್ಟುಕೊಟ್ಟಿದೆ. 'ಕೊಟ್ಟ' ಎಂಬರ್ಥದ 'ಇತ್ತ' ಆಡುಮಾತಿನಿಂದ ಹೋಗಿ ಕಾವ್ಯದಲ್ಲಿ ಉಳಿದಿದೆ. ಎರವಲು ಕ್ರಿಯೆಗಳನ್ನು ನಾವು 'ಫೋನ್ ಮಾಡಿದ' ಎಂದು 'ಮಾಡು'ವಿನ ಬೆನ್ನಿಗೆ ಹೊರಿಸುವುದರಿಂದ ಹೊಸ ಅಂಕುಡೊಂಕುಗಳು ಹುಟ್ಟುವ ಸಂಭವವೂ ಕಡಿಮೆ.

ಪ್ರಶ್ನೆ: ಒಂದು ರೂಪ ಗೆದ್ದಿತು ಎಂದ ಮಾತ್ರಕ್ಕೆ ಅದು ಆಯ್ಕೆಯಿಂದಲೇ ಗೆದ್ದಿತು ಎನ್ನಬಹುದೇ? ಆಕಸ್ಮಿಕವಾಗಿಯೂ ಆಗಿರಬಹುದಲ್ಲ? ಹಳೆಯ ಪತ್ರಿಕೆಗಳ ಸಂಗ್ರಹ ಕೈಯಲ್ಲಿದ್ದರೆ ನಾವೇ ಪರೀಕ್ಷಿಸುವುದು ಹೇಗೆ?

ಉತ್ತರ: ಬಂದ ಪ್ರಶ್ನೆಗಳಲ್ಲಿ ಅತ್ಯಂತ ಮುಖ್ಯವಾದದ್ದು ಇದು. ಎರಡು ರೂಪಗಳಲ್ಲಿ ಯಾವ ಗುಣವ್ಯತ್ಯಾಸವೂ ಇಲ್ಲದೆ, ಜನ ಕೇಳಿದ್ದನ್ನೇ ಗೊತ್ತುಗುರಿಯಿಲ್ಲದೆ ನಕಲು ಮಾಡುತ್ತಾ ಹೋದರೂ ಸಾಕಷ್ಟು ಕಾಲದ ನಂತರ ಒಂದು ಪೂರ್ತಿ ಅಳಿದು ಇನ್ನೊಂದು ಉಳಿಯುತ್ತದೆ. ಇದು ಅಲೆತ. ಸಮುದಾಯ ಚಿಕ್ಕದಿದ್ದಷ್ಟೂ, ಪದ ಅಪರೂಪವಾದಷ್ಟೂ ಅಲೆತದ ಕೈ ಮೇಲು.

ಪರೀಕ್ಷೆ ಹೀಗೆ. ಮೊದಲು ಅರ್ಥ ಪೂರ್ತಿ ಒಂದೇ ಆಗಿರುವ ಎರಡು ರೂಪಗಳನ್ನು ಆರಿಸಿ. ಅರ್ಥದಲ್ಲಿ ಸ್ವಲ್ಪ ಭೇದವಿದ್ದರೂ ನೀವು ಎಣಿಸುವುದು ವಿಷಯದ ಏರಿಳಿತವನ್ನು, ರೂಪದ್ದನ್ನಲ್ಲ. ಕಾಲವನ್ನು ಸಮನಾದ ಐದಾರು ಘಟ್ಟಗಳಾಗಿ ಒಡೆಯಿರಿ. ಪ್ರತಿ ಘಟ್ಟದಲ್ಲಿ ಎರಡೂ ರೂಪ ಎಷ್ಟು ಸಲ ಬಂದಿವೆ ಎಣಿಸಿ, ಹೊಸದನ್ನು ಹಳೆಯದರಿಂದ ಭಾಗಿಸಿ. ಲೆಕ್ಕಕ್ಕಾಗಿ ಒಂದು ಕಲ್ಪಿತ ಸರಣಿ: ಹೊಸ ರೂಪ ನೂರಕ್ಕೆ 10, 18, 31, 47, 64 ಎಂದು ಏರಿದೆ ಎನ್ನಿ. ಶೇಕಡಾವಾರು ನೋಡಿದರೆ ಮೊದಲು ಸಣ್ಣ ಹೆಜ್ಜೆ, ಆಮೇಲೆ ದೊಡ್ಡ ಹೆಜ್ಜೆ. ಭಾಗಲಬ್ಧ ನೋಡಿ: 10ಕ್ಕೆ 90 ಅಂದರೆ 0.11, ಮುಂದೆ 0.22, 0.45, 0.89, 1.78. ಪ್ರತಿ ಘಟ್ಟದಲ್ಲೂ ಸುಮಾರು ಇಮ್ಮಡಿ. ಒಂದೇ ಒತ್ತಡ ಒಂದೇ ಸಮನೆ ಕೆಲಸ ಮಾಡುತ್ತಿರುವಾಗ ಸಿಗುವ ಗುರುತು ಇದು; ನಕ್ಷೆ ಬರೆದರೆ ಇಂಗ್ಲಿಷಿನ ಎಸ್ ಅಕ್ಷರದ ಬಾಗು ಬರುತ್ತದೆ. ಭಾಗಲಬ್ಧ 0.11, 0.25, 0.15, 0.4, 0.2 ಎಂದು ಕುಣಿಯುತ್ತಿದ್ದರೆ ಅಲೆತವೇ ಇರಬಹುದು, ಆಯ್ಕೆ ಎಂದು ಸಾರಬೇಡಿ.

ಕೆಡುವುದು ಮುಖ್ಯವಾಗಿ ಎಣಿಕೆಯ ಗಾತ್ರದಲ್ಲಿ. ಒಂದು ಘಟ್ಟದಲ್ಲಿ ಒಟ್ಟು 50 ಉದಾಹರಣೆ ಮಾತ್ರ ಸಿಕ್ಕಿ ಅದರಲ್ಲಿ 30% ಹೊಸ ರೂಪ ಎಂದರೆ, ನಿಜವಾದ ಪ್ರಮಾಣ 17ರಿಂದ 43ರವರೆಗೆ ಎಲ್ಲಾದರೂ ಇರಬಹುದು. 400 ಉದಾಹರಣೆಯಿದ್ದರೆ ಅದೇ 30% ಸುಮಾರು 25ರಿಂದ 35ರ ನಡುವೆ ಬಂದು ನಿಲ್ಲುತ್ತದೆ. ಇನ್ನೊಂದು ಹಳ್ಳ, ಸಂಪಾದಕರ ಕೈ. ಪತ್ರಿಕೆ ತನ್ನ ಕಾಗುಣಿತದ ನಿಯಮ ಬದಲಿಸಿದ ವರ್ಷದಲ್ಲಿ ಎಣಿಕೆ ಒಮ್ಮೆಲೇ ನೆಗೆಯುತ್ತದೆ; ಅದು ಜನರ ಆಯ್ಕೆಯಲ್ಲ, ಒಬ್ಬರ ಆಜ್ಞೆ. ಸಂಗ್ರಹದಲ್ಲಿ ಮೊದಲು ಕಥೆಗಳು ಹೆಚ್ಚಿದ್ದು ಆಮೇಲೆ ವರದಿಗಳು ಹೆಚ್ಚಾದರೂ ಹೀಗೇ ಆಗುತ್ತದೆ.

ಪರಿಣತರೂ ಇಲ್ಲಿ ಎಡವುತ್ತಾರೆ. 2017ರಲ್ಲಿ ಮಿಚೆಲ್ ನ್ಯೂಬೆರಿ ಮತ್ತು ಸಂಗಡಿಗರು ಅಮೆರಿಕನ್ ಇಂಗ್ಲಿಷಿನ 36 ಕ್ರಿಯಾಪದಗಳನ್ನು ಪರೀಕ್ಷಿಸಿದಾಗ ಆರರಲ್ಲಿ ಮಾತ್ರ ಆಯ್ಕೆಯ ಗುರುತು ಸಿಕ್ಕಿತು. ಉಳಿದವು ಅಲೆತ ಎಂದರೂ ನಡೆಯುವಂಥವು. ಆ ಆರರಲ್ಲಿ ನಾಲ್ಕು ನಿಯಮ ಬಿಟ್ಟು ಅನಿಯಮದ ಕಡೆಗೇ ಹೊರಟಿದ್ದವು, 'ಧುಮುಕಿದ' ಎಂಬರ್ಥದ 'ಡೈವ್ಡ್' ಹೋಗಿ 'ಡೋವ್' ಆದ ಹಾಗೆ. ಮೋಟಾರು ಬಂದು 'ಡ್ರೈವ್, ಡ್ರೋವ್' ಬಳಕೆ ಹೆಚ್ಚಿದ್ದು ಅದಕ್ಕೆ ಪ್ರಾಸದ ಆಸರೆ ಕೊಟ್ಟಿರಬಹುದು ಎಂದು ಅವರ ಊಹೆ. ಮೂರು ವರ್ಷದ ನಂತರ ಆಂಡ್ರೆಸ್ ಕಾರ್ಯುಸ್ ಮತ್ತು ಸಂಗಡಿಗರು ಅದೇ ಮಾಹಿತಿಯನ್ನು ಬೇರೆ ಅಳತೆಯ ಘಟ್ಟಗಳಾಗಿ ಒಡೆದು ನೋಡಿದರು. ಹಲವು ಪದಗಳ ತೀರ್ಪೇ ಬದಲಾಯಿತು. ಆದ್ದರಿಂದ ಹತ್ತು ವರ್ಷದ ಘಟ್ಟ, ಇಪ್ಪತ್ತು ವರ್ಷದ ಘಟ್ಟ ಎರಡನ್ನೂ ಮಾಡಿ, ಎರಡರಲ್ಲೂ ನಿಲ್ಲುವ ಫಲಿತಾಂಶವನ್ನಷ್ಟೇ ನಂಬಿ.

ಪ್ರಶ್ನೆ: ಪ್ರಯೋಗಾಲಯದಲ್ಲಿ ಇದನ್ನು ತೋರಿಸಿದವರಿದ್ದಾರೆಯೇ?

ಉತ್ತರ: ಇದ್ದಾರೆ. ಸೈಮನ್ ಕರ್ಬಿ, ಹನ್ನಾ ಕಾರ್ನಿಶ್, ಕೆನ್ನಿ ಸ್ಮಿತ್ 2008ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಮೂರು ಆಕಾರ, ಮೂರು ಬಣ್ಣ, ಮೂರು ಬಗೆಯ ಚಲನೆ, ಒಟ್ಟು 27 ಚಿತ್ರಗಳು. ಪ್ರತಿಯೊಂದಕ್ಕೂ ಅರ್ಥವಿಲ್ಲದ ಒಂದು ಹೆಸರು. ಮೊದಲನೆಯವರಿಗೆ ಸುಮಾರು ಅರ್ಧದಷ್ಟು ಹೆಸರುಗಳನ್ನು ಕಲಿಸಿ 27ನ್ನೂ ಕೇಳುತ್ತಾರೆ. ಅವರು ಕೊಟ್ಟ ಉತ್ತರವೇ, ತಪ್ಪುಗಳ ಸಮೇತ, ಎರಡನೆಯವರಿಗೆ ಪಾಠ. ಹೀಗೆ ಹತ್ತು ತಲೆಮಾರಿನ ಒಂದೊಂದು ಸರಪಳಿ. ಭಾಗವಹಿಸಿದವರಿಗೆ ತಮ್ಮ ಉತ್ತರ ಮುಂದಿನವರಿಗೆ ಹೋಗುತ್ತದೆ ಎಂಬುದೇ ಗೊತ್ತಿಲ್ಲ.

ಮೊದಲ ಸುತ್ತಿನಲ್ಲಿ ಭಾಷೆ ಕಲಿಯಲು ಸುಲಭವಾಯಿತು, ಆದರೆ ಕುಗ್ಗಿಹೋಯಿತು: ಒಂದು ಸರಪಳಿಯಲ್ಲಿ ಕೊನೆಗೆ ಎರಡೇ ಪದ ಉಳಿದವು. ಎರಡನೆಯ ಸುತ್ತಿನಲ್ಲಿ, ಒಂದೇ ಹೆಸರು ಹಲವು ಚಿತ್ರಗಳಿಗೆ ಬಂದರೆ ಒಂದನ್ನುಳಿಸಿ ಮಿಕ್ಕವನ್ನು ಮುಂದಿನವರಿಗೆ ಕೊಡದೆ ತೆಗೆದುಹಾಕಿದರು. ಆಗ ಹೆಸರುಗಳ ಒಳಗೆ ಭಾಗಗಳು ಮೂಡಿದವು. ಒಂದು ಸರಪಳಿಯಲ್ಲಿ ಪದದ ಮೊದಲ ಸದ್ದು ಬಣ್ಣಕ್ಕೆ ನಿಂತಿತು, 'ಕಿ', 'ಪ್ಲೊ', 'ಪಿಲು' ಎಂಬ ಕೊನೆಗಳು ಮೂರು ಚಲನೆಗಳಿಗೆ. ಪ್ರತ್ಯಯಗಳನ್ನು ಯಾರೂ ಯೋಚಿಸಿ ಕಟ್ಟಿರಲಿಲ್ಲ. ಕಲಿಯಲು ಸುಲಭ ಎಂಬ ಒತ್ತಡ ಒಂದೇ ಇದ್ದರೆ ಭಾಷೆ ಬಡವಾಗುತ್ತದೆ. ಗೊಂದಲ ಬೇಡ ಎಂಬ ಒತ್ತಡವೂ ಸೇರಿದಾಗ ವ್ಯಾಕರಣ ಬರುತ್ತದೆ.

ಪ್ರಶ್ನೆ: ಗೊಂದಲ ಬೇಡ ಎನ್ನುವುದಾದರೆ ಒಂದೇ ಉಚ್ಚಾರದ ಎರಡು ಪದಗಳು ಏಕೆ ಇವೆ?

ಉತ್ತರ: ಸಂದರ್ಭ ಬಿಡಿಸಿಕೊಡುವವರೆಗೆ ಯಾರಿಗೂ ತೊಂದರೆಯಿಲ್ಲ. 'ಏಳು' ಎಂದಾಗ ಎದ್ದೇಳು ಎಂದರೋ ಅಂಕಿ ಹೇಳಿದರೋ ಎಂಬ ಅನುಮಾನ ಬರುವುದೇ ಅಪರೂಪ. ಎರಡೂ ಒಂದೇ ಸಂದರ್ಭದಲ್ಲಿ ಬರುವಂತಿದ್ದಾಗ ಒಂದು ಜಾಗ ಖಾಲಿ ಮಾಡುತ್ತದೆ. ಫ್ರಾನ್ಸಿನ ಗ್ಯಾಸ್ಕನಿಯ ಒಂದು ಭಾಗದಲ್ಲಿ ಧ್ವನಿ ಬದಲಾವಣೆಯಿಂದ ಬೆಕ್ಕು ಮತ್ತು ಹುಂಜ ಎರಡೂ 'ಗಾಟ್' ಆಗಬೇಕಿತ್ತು. ಕೋಳಿಗೂಡಿನ ಮುಂದೆ ನಿಂತವನಿಗೆ ಇದು ಸಣ್ಣ ಗೊಂದಲವಲ್ಲ! ಅಲ್ಲಿಯ ಜನ ಹುಂಜಕ್ಕೆ ಬೇರೆ ಪದಗಳನ್ನು ಹಿಡಿದರು, ಅದರಲ್ಲೊಂದು ಪಾದ್ರಿಯ ಸಹಾಯಕನ ಹೆಸರು. ಭಾಷಾಶಾಸ್ತ್ರಜ್ಞ ಜೂಲ್ ಜಿಯೆರೋನ್ ನಕ್ಷೆಯ ಮೇಲೆ ತೋರಿಸಿದ ಹಾಗೆ, ಧ್ವನಿ ಕೂಡಿಹೋದ ಪ್ರದೇಶದ ಗಡಿಯೂ ಹುಂಜಕ್ಕೆ ಬೇರೆ ಪದ ಇರುವ ಪ್ರದೇಶದ ಗಡಿಯೂ ಒಂದೇ.

ಹಳಗನ್ನಡದ 'ೞ' ಅಳಿದಾಗ ಬದುಕು ಎಂಬರ್ಥದ 'ಬಾೞ್' ಮತ್ತು ಕತ್ತಿ ಎಂಬರ್ಥದ 'ಬಾಳ್' ಒಂದಾದವು. ಇಂದು ಆಡುಮಾತಿನಲ್ಲಿ ಉಳಿದಿರುವುದು ಬದುಕಿನ ಬಾಳು. ಆದರೆ ಕತ್ತಿಯ 'ಬಾಳು' ಹೋದದ್ದು ಈ ಡಿಕ್ಕಿಯಿಂದಲೇ ಎನ್ನಲು ಇಷ್ಟೇ ಸಾಕ್ಷಿ ಸಾಲದು.

ಪ್ರಶ್ನೆ: ಪದಪಟ್ಟಿ ಹೋಲಿಸಿ ಎರಡು ಭಾಷೆ ಬೇರೆಯಾದ ಕಾಲ ಹೇಳುತ್ತಾರಂತೆ. ನಂಬಬಹುದೇ?

ಉತ್ತರ: ಹಳೆಯ ಸೂತ್ರವನ್ನು ನಂಬಬೇಡಿ. ಮಾರಿಸ್ ಸ್ವಾದೇಶ್ 1950ರ ದಶಕದಲ್ಲಿ ಕಣ್ಣು, ನೀರು, ನಾನು, ಎರಡು ಮುಂತಾದ ಮೂಲಭೂತ ಪದಗಳ ಪಟ್ಟಿ ಮಾಡಿ, ನೂರರಲ್ಲಿ 86 ಪದ ಸಾವಿರ ವರ್ಷಕ್ಕೆ ಉಳಿಯುತ್ತವೆ ಎಂದು ಲೆಕ್ಕ ಹಾಕಿದರು. ಎರಡು ಭಾಷೆಗಳೂ ಬೇರೆಬೇರೆಯಾಗಿ ಪದ ಕಳೆದುಕೊಳ್ಳುವುದರಿಂದ ಸಾವಿರ ವರ್ಷದ ನಂತರ ಹಂಚಿಕೊಂಡ ಪದಗಳು 0.86ರ ವರ್ಗ, ಅಂದರೆ ಸುಮಾರು 74. ಅರವತ್ತೇ ಉಳಿದಿದ್ದರೆ ಸುಮಾರು 1,700 ವರ್ಷ. ಲೆಕ್ಕ ಚೊಕ್ಕವಾಗಿದೆ, ಆಧಾರ ಟೊಳ್ಳು: ಎಲ್ಲ ಭಾಷೆಗಳೂ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ಐಸ್‌ಲ್ಯಾಂಡಿಕ್ ಭಾಷೆ ಈ ದರಕ್ಕಿಂತ ಎಷ್ಟೋ ನಿಧಾನ ಎಂದು ಬರ್ಗ್‌ಸ್ಲಾಂಡ್ ಮತ್ತು ಫೋಗ್ಟ್ 1962ರಲ್ಲೇ ತೋರಿಸಿದರು.

ಈಗಿನ ವಿಧಾನಗಳು ಪ್ರತಿ ಪದಕ್ಕೂ ಪ್ರತಿ ಕವಲಿಗೂ ಬೇರೆ ವೇಗವನ್ನು ಒಪ್ಪಿ, ಶಾಸನ ಮುಂತಾದ ತಿಳಿದ ಕಾಲಗಳಿಗೆ ಕಟ್ಟಿಹಾಕಿ, ಸಾವಿರಾರು ಸಂಭವನೀಯ ವಂಶವೃಕ್ಷಗಳನ್ನು ಕಂಪ್ಯೂಟರಿನಲ್ಲಿ ತೂಗಿ ನೋಡುತ್ತವೆ. 2018ರಲ್ಲಿ 20 ದ್ರಾವಿಡ ನುಡಿಗಳ ಮೇಲೆ ಹೀಗೆ ಮಾಡಿದಾಗ ಆ ಕುಟುಂಬದ ವಯಸ್ಸು ಸುಮಾರು 4,500 ವರ್ಷ ಎಂದು ಬಂತು. ಯಾವ ವಿಧಾನವಾದರೂ ಎರವಲು ಪದಗಳನ್ನು ಮೊದಲೇ ಹೆಕ್ಕಿ ತೆಗೆಯದಿದ್ದರೆ ನೆರೆಹೊರೆಯವರು ದಾಯಾದಿಗಳಂತೆ ಕಾಣುತ್ತಾರೆ. ಬರೀ ಸದ್ದಿನ ಹೋಲಿಕೆಯನ್ನೂ ನಂಬುವಂತಿಲ್ಲ: ಆಸ್ಟ್ರೇಲಿಯದ ಎಂಬಬರಾಮ್ ಭಾಷೆಯಲ್ಲಿ ನಾಯಿಗೆ 'ಡಾಗ್' ಎಂಬಂಥ ಪದವೇ ಇತ್ತು, ಇಂಗ್ಲಿಷಿನ ನಂಟಿಲ್ಲದೆ.

ಪ್ರಶ್ನೆ: ಹಾಗಾದರೆ ಅಳಿಯುತ್ತಿರುವ ಭಾಷೆಗಳು ಬದುಕಲು ಅರ್ಹವಲ್ಲದವೇ?

ಉತ್ತರ: ಅಲ್ಲ. ಭಾಷೆಯ ಒಳಗಿನ ರೂಪಗಳ ಪೈಪೋಟಿಗೆ ಇರುವ ನಿಯಮ ಭಾಷೆ ಭಾಷೆಗಳ ನಡುವಿನ ಸೋಲು ಗೆಲುವಿಗೆ ಒಪ್ಪುವುದಿಲ್ಲ. ಕಾಕಸಸ್‌ನ ಉಬಿಖ್ ಭಾಷೆಯಲ್ಲಿ 80ಕ್ಕೂ ಹೆಚ್ಚು ವ್ಯಂಜನಗಳಿದ್ದವು. ಅದನ್ನು ಬಲ್ಲ ಕೊನೆಯ ವ್ಯಕ್ತಿ ತೆವ್‌ಫಿಕ್ ಎಸೆಂಚ್ 1992ರಲ್ಲಿ ತೀರಿಕೊಂಡರು. ವ್ಯಂಜನ ಹೆಚ್ಚಾಗಿ ಅದು ಸಾಯಲಿಲ್ಲ. ರಷ್ಯಾ 1864ರಲ್ಲಿ ಆ ಜನರನ್ನು ಅವರ ನೆಲದಿಂದ ಹೊರದಬ್ಬಿತು, ತುರ್ಕಿಯಲ್ಲಿ ಚದುರಿಹೋದವರ ಮಕ್ಕಳಿಗೆ ಬೇರೆ ಭಾಷೆ ಬೇಕಾಯಿತು. ಭಾಷೆ ಸಾಯುವುದು ತಂದೆತಾಯಿ ಅದನ್ನು ಮಕ್ಕಳ ಜೊತೆ ಆಡುವುದನ್ನು ನಿಲ್ಲಿಸಿದಾಗ, ಅವರು ಹಾಗೆ ನಿಲ್ಲಿಸುವುದಕ್ಕೆ ಕಾರಣ ಕೆಲಸ, ಶಾಲೆ, ಅಧಿಕಾರ, ಅವಮಾನ. ಆ ಕಾರಣಗಳು ಬದಲಾದರೆ ಭಾಷೆ ತಿರುಗಿ ಬರುವುದೂ ಉಂಟು: ಮನೆಮಾತಾಗಿ ಸಾವಿರಕ್ಕೂ ಹೆಚ್ಚು ವರ್ಷ ಇಲ್ಲದಿದ್ದ ಹೀಬ್ರೂ ಇಂದು ಲಕ್ಷಾಂತರ ಮಕ್ಕಳ ಮೊದಲ ಮಾತು.

ಪ್ರಶ್ನೆ: ಭಾಷೆ ಬದಲಾಗುವುದು ಮಕ್ಕಳ ತಪ್ಪುಗಳಿಂದಲೇ?

ಉತ್ತರ: ಹೆಚ್ಚಿನ ತಪ್ಪುಗಳು ಶಾಲೆಗೆ ಹೋಗುವ ಹೊತ್ತಿಗೆ ತಾವೇ ಉದುರುತ್ತವೆ. ಹೊಸ ರೂಪವನ್ನು ಹಬ್ಬಿಸುವಲ್ಲಿ ಮುಂದಿರುವವರು ಹದಿಹರೆಯದವರು. ಆದರೆ ನಕಲು ಮಾಡಲು ಹಿರಿಯರ ಮಾದರಿಯೇ ಇಲ್ಲದಿದ್ದಾಗ ಮಾತು ಬೇರೆ. ನಿಕರಾಗುವದಲ್ಲಿ 1970ರ ದಶಕದ ಕೊನೆಯಿಂದ ಕಿವುಡ ಮಕ್ಕಳು ಶಾಲೆಗಳಲ್ಲಿ ಒಟ್ಟುಸೇರಿದಾಗ ಹೊಸ ಸಂಜ್ಞಾಭಾಷೆಯೊಂದು ಹುಟ್ಟಿತು. ಮೊದಲ ತಂಡದವರು 'ಉರುಳುತ್ತಾ ಇಳಿಯಿತು' ಎಂಬುದನ್ನು ಹೆಚ್ಚಾಗಿ ಒಂದೇ ಕೈಸನ್ನೆಯಲ್ಲಿ ತೋರಿಸುತ್ತಿದ್ದರು; ಆಮೇಲೆ ಬಂದ ಚಿಕ್ಕವರು ಉರುಳುವುದಕ್ಕೊಂದು, ಇಳಿಯುವುದಕ್ಕೊಂದು ಎಂದು ಬೇರ್ಪಡಿಸಿ ಒಂದರ ಹಿಂದೊಂದು ತೋರಿಸತೊಡಗಿದರು.